ಸ್ವೀಟ್ ಹೋಮ್ 3ಡಿಯಲ್ಲಿ ಕೋಣೆ ಸಣ್ಣದಾಗಿ ಬರುವುದಕ್ಕೆ

ಮನೆಯ ನಕ್ಷೆ ಬಿಡಿಸೋ ಸಾಫ್ಟ್‌ವೇರ್ ಸ್ವೀಟ್ ಹೋಮ್ 3ಡಿಯಲ್ಲಿ ನಿಮ್ಮ ಕೋಣೆ ಯಾಕೆ ಸಣ್ಣದಾಗಿ ಬರ್ತದೆ ಅಂತ ಕೇಳಿದ್ರಿ. ಟೇಪ್ ಹಿಡಿದರೆ 10 ಅಡಿ ಇರೋ ಕೋಣೆ ಪ್ಲಾನಿನಲ್ಲಿ ಎಂಟೂವರೆ ಅಡಿಗೆ ಇಳಿಯೋದಕ್ಕೆ ಕಾರಣ ಬಹುತೇಕ ಗೋಡೆಯ ದಪ್ಪನೇ. ಸ್ವೀಟ್ ಹೋಮ್ 3ಡಿ ಗೋಡೆಯ ಉದ್ದವನ್ನ ನಡುಗೆರೆ (ದಪ್ಪದ ಮಧ್ಯದ ಗೆರೆ) ಹಿಡಿದು ಲೆಕ್ಕ ಹಾಕ್ತದೆ. ನೀವು ಕೊಟ್ಟಿದ್ದು ಒಳಗಿನ ಅಳತೆ. ಬಾಗಲಕೋಟೆಯ ಹಳೇ ಮನಿ, ಕಲ್ಲಿನ ಗೋಡೆ 18 ಇಂಚು ಅಂದೀರಿ. ಎರಡೂ ಬದಿಯಿಂದ 9 ಇಂಚು ಒಳಗ ಬಂತು.

ಮೊದಲು ಪ್ರಿಫರೆನ್ಸಸ್‌ನಲ್ಲಿ (ಸೆಟ್ಟಿಂಗ್ಸ್) ಯೂನಿಟ್ ಅಡಿ-ಇಂಚಿಗೆ ಬದಲಿಸಿ, ಹೊಸ ಗೋಡೆಯ ದಪ್ಪ 18 ಇಂಚು ಮಾಡ್ರಿ. ಆಮೇಲೆ ಗೋಡೆ ಶುರುವಾಗೋ ಕಡೆ ಕ್ಲಿಕ್ ಮಾಡಿ, ಎಂಟರ್ ಒತ್ತಿ ಉದ್ದ ಟೈಪ್ ಮಾಡ್ರಿ. ಮೌಸಿನಿಂದ ಎಳೆಯೋ ಗೋಜು ಬ್ಯಾಡ. ಟೈಪ್ ಮಾಡೋ ಉದ್ದ ಅಂದ್ರೆ ಒಳ ಅಳತೆ, ಜೊತೆಗೆ ಎರಡೂ ತುದಿಯ ಗೋಡೆಗಳ ಅರ್ಧರ್ಧ ದಪ್ಪ. ಎರಡೂ 18 ಇಂಚಿದ್ರೆ 11 ಅಡಿ 6 ಇಂಚು. ಒಂದು ಕಡೆ 9 ಇಂಚಿನ ಇಟ್ಟಿಗೆ ಗೋಡೆಯಾದ್ರೆ 11 ಅಡಿ ಒಂದೂವರೆ ಇಂಚು.

ಹಳೇ ಕಲ್ಲಿನ ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರ್ತದೋ ಇಲ್ಲೋ ಅಳೆಯದೆ ಹೇಳಾಕ ಬರೂದಿಲ್ಲ. ಬಾಗಿಲು, ಕಿಟಕಿಯ ಸಂದಿಯಲ್ಲಿ ಟೇಪ್ ಇಟ್ಟು ನೋಡ್ರಿ; ಫರಕು ಇದ್ರೆ ಆ ಗೋಡೆ ಮೇಲೆ ಡಬಲ್ ಕ್ಲಿಕ್ ಮಾಡಿ ದಪ್ಪ ಬೇರೆ ಕೊಡ್ರಿ. ಕೊನೆಗೆ ಗೋಡೆಯ ಒಳಮೈಯಿಂದ ಎದುರಿನ ಒಳಮೈಗೆ ಡೈಮೆನ್ಷನ್ ಗೆರೆ (ಅಳತೆ ತೋರಿಸೋ ಗೆರೆ) ಹಾಕ್ರಿ. 10 ಅಡಿ ತೋರಿಸಿದ್ರೆ ಮುಂದಿನ ಕೋಣೆಗೆ ಹೋಗ್ರಿ.