ಹೆಲ್ತ್ ಸೈನ್ಸ್ ಓದಲು ಮೆಲ್ಬರ್ನ್‌ಗೆ ಹೊರಟಿರುವ ತಂಗಿಗೆ

ನಿನ್ನ ಪತ್ರ ಓದಿದೆ. ಬೆಂಗಳೂರಿನ ವಿಜಯನಗರದಲ್ಲಿ ಮನೆ, ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸು, ನೀಟ್‌ನಲ್ಲಿ ಎಂಬಿಬಿಎಸ್ ಸೀಟಿಗೆ ಸಾಲದ ರ್ಯಾಂಕು. ಈಗ ಕೈಯಲ್ಲಿ ಮೆಲ್ಬರ್ನ್‌ನ ಮೂರು ವರ್ಷದ ಬ್ಯಾಚುಲರ್ ಆಫ್ ಹೆಲ್ತ್ ಸೈನ್ಸಸ್ ಆಫರ್ ಲೆಟರ್. "ಅಕ್ಕ, ಇದು ಮುಗಿದರೆ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತಾ? ಆಮೇಲೆ ಡಾಕ್ಟರ್ ಆಗಬಹುದಾ? ಅಲ್ಲಿ ಜೀವನ ಹೇಗೆ?" ಅಂತ ಕೇಳಿದ್ದೀಯ. ನಾನು ಬೆಂಗಳೂರು ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದು ಬಹಳ ವರ್ಷವಾಯಿತು. ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಯೊಥೆರಪಿಸ್ಟ್. ಪ್ರತಿ ವರ್ಷ ವಿದ್ಯಾರ್ಥಿಗಳು ನನ್ನ ವಾರ್ಡಿಗೆ ಪೋಸ್ಟಿಂಗ್‌ಗೆ, ಅಂದರೆ ಆಸ್ಪತ್ರೆ ತರಬೇತಿಗೆ, ಬರುತ್ತಾರೆ. ಕಣ್ಣಾರೆ ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ಆ ಲೆಟರ್ ವಿಷಯ. ಹೆಲ್ತ್ ಸೈನ್ಸ್ ಡಿಗ್ರಿ ಇದ್ದ ಮಾತ್ರಕ್ಕೆ ಯಾರಿಗೂ ಚಿಕಿತ್ಸೆ ಕೊಡಲು ಬರುವುದಿಲ್ಲ. ನರ್ಸಿಂಗ್, ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ, ಫಾರ್ಮಸಿ, ಎಕ್ಸ್‌ರೇ–ಸ್ಕ್ಯಾನ್ ಮಾಡುವವರು, ಆಂಬ್ಯುಲೆನ್ಸ್‌ನ ಪ್ಯಾರಾಮೆಡಿಕ್, ಹೀಗೆ ಒಟ್ಟು 16 ವೃತ್ತಿಗಳಿಗೆ ಇಲ್ಲಿ ಆಪ್ರಾ ಎಂಬ ರಾಷ್ಟ್ರೀಯ ಸಂಸ್ಥೆಯ ನೋಂದಣಿ ಬೇಕೇ ಬೇಕು. ನೋಂದಣಿ ಇಲ್ಲದೆ "ನಾನು ಫಿಸಿಯೊ" ಅಂತ ಹೇಳಿಕೊಂಡರೆ ಅದು ಅಪರಾಧ. ನೋಂದಣಿ ಸಿಗಬೇಕಾದರೆ ಆಯಾ ವೃತ್ತಿಗೆಂದೇ ಮಾನ್ಯತೆ ಪಡೆದ ಕೋರ್ಸ್ ಮುಗಿಸಿರಬೇಕು. ಡಯೆಟಿಷಿಯನ್ ಮತ್ತು ಸ್ಪೀಚ್ ಥೆರಪಿ ಆಪ್ರಾ ಪಟ್ಟಿಯಲ್ಲಿಲ್ಲ, ಆದರೆ ಅವುಗಳ ಸಂಘಗಳು ಒಪ್ಪಿದ ಕೋರ್ಸನ್ನೇ ಓದಿರಬೇಕು. ನಿನಗೆ ಬಂದಿರುವಂಥ ಸಾದಾ ಮೂರು ವರ್ಷದ ಕೋರ್ಸ್ ಓದಿ ನೇರವಾಗಿ ಇವುಗಳಲ್ಲಿ ಯಾವುದೂ ಆಗಲು ಸಾಧ್ಯವಿಲ್ಲ. ನಿನ್ನ ಏಜೆಂಟ್ ಇದನ್ನು ಬಿಡಿಸಿ ಹೇಳಿದಂತೆ ಕಾಣುತ್ತಿಲ್ಲ, ಅಲ್ವಾ?

ಹಾಗಂತ ಅದು ದಂಡದ ಓದಲ್ಲ. ಅಂಗರಚನೆ, ದೇಹದ ಕೆಲಸ, ಅಂಕಿಅಂಶ, ಕಾಯಿಲೆ ಜನರಲ್ಲಿ ಹೇಗೆ ಹರಡುತ್ತದೆ, ಯಾರಿಗೆ ಆಸ್ಪತ್ರೆ ಕೈಗೆಟುಕುವುದಿಲ್ಲ ಮತ್ತು ಯಾಕೆ, ಇವೆಲ್ಲ ಚೆನ್ನಾಗಿ ಕಲಿಸುತ್ತಾರೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಆಡಳಿತ, ಸಂಶೋಧನೆ ಇಷ್ಟವಿದ್ದವರಿಗೆ ಒಳ್ಳೆಯ ಬುನಾದಿ. ರೋಗಿಗಳ ಜೊತೆಗೇ ಕೆಲಸ ಮಾಡಬೇಕು ಅಂದರೆ ಅದರ ಮೇಲೆ ಇನ್ನೂ ಎರಡು–ಮೂರು ವರ್ಷದ ಮಾಸ್ಟರ್ಸ್ ಬೇಕು. ಅಪ್ಪ ಹಾಕಿರುವ ದುಡ್ಡಿನ ಲೆಕ್ಕದಲ್ಲಿ ಆ ವರ್ಷಗಳು ಸೇರಿವೆಯಾ, ಇವತ್ತೇ ಕೂತು ನೋಡಿ.

ಡಾಕ್ಟರ್ ಆಗುವ ದಾರಿ ಇದೆ. ಡಿಗ್ರಿ ಮುಗಿಸಿ, ಗ್ಯಾಮ್‌ಸ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು, ಇಂಟರ್‌ವ್ಯೂ ದಾಟಿದರೆ ನಾಲ್ಕು ವರ್ಷದ ಮೆಡಿಸಿನ್. ಆದರೆ ಹೊರದೇಶದವರಿಗೆ ಸೀಟು ಕಡಿಮೆ, ಫೀಸು ಒಂದು ಕೋಟಿ ದಾಟುತ್ತದೆ. ಆ ಒಂದು ಆಸೆಯ ಮೇಲೆ ಈ ಕೋರ್ಸ್ ಸೇರಬೇಡ.

ಮನೆ ಅಡವಿಟ್ಟು ಸಾಲ ತೆಗೆಯುವ ಪರಿಸ್ಥಿತಿಯಾದರೆ ನನ್ನ ಮಾತು ಬೇರೆ. ಬೆಂಗಳೂರಿನಲ್ಲೇ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಫಿಸಿಯೊಥೆರಪಿ, ನರ್ಸಿಂಗ್, ಇಮೇಜಿಂಗ್ ಕೋರ್ಸ್‌ಗಳಿವೆ. ವಿಕ್ಟೋರಿಯಾ, ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಿರುವ ಊರದು. ಅಲ್ಲಿನ ಒಂದು ಓಪಿಡಿಯಲ್ಲಿ ಬೆಳಗ್ಗೆ ಸಾಲು ನಿಲ್ಲುವಷ್ಟು ಜನ ಇಲ್ಲಿ ನಮಗೆ ಕಾಣಸಿಗುವುದಿಲ್ಲ. ಕೈ ಪಳಗುವುದು ಹಾಗೆಯೇ. ಮುಂಚೆ ಈ ವೃತ್ತಿಗಳಲ್ಲಿ ಹಲವಕ್ಕೆ ನಮ್ಮಲ್ಲಿ ರಾಷ್ಟ್ರೀಯ ಮಂಡಳಿಯೇ ಇರಲಿಲ್ಲ, 2021ರಲ್ಲಿ ಅದಕ್ಕೂ ಕಾಯ್ದೆ ಬಂತು. ಅಲ್ಲಿ ಫಿಸಿಯೊ ಓದಿದವರೂ ಇಲ್ಲಿನ ಮಂಡಳಿಯ ಲಿಖಿತ ಮತ್ತು ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಿ ನೋಂದಣಿ ಪಡೆಯುತ್ತಾರೆ. ಕಷ್ಟದ ಪರೀಕ್ಷೆ ನಿಜ, ಆದರೆ ಖರ್ಚು ಎಷ್ಟೋ ಕಡಿಮೆ.

ಇನ್ನು ಜೀವನ. ಚಳಿ, ಅಡುಗೆ, ಟ್ರೇನು, ಇವೆಲ್ಲ ತಿಂಗಳೊಪ್ಪತ್ತಿನಲ್ಲಿ ಅಭ್ಯಾಸವಾಗುತ್ತವೆ. ನಮ್ಮ ಮಕ್ಕಳು ತಡವರಿಸುವುದು ವಾರ್ಡಿನಲ್ಲಿ. ಎಲುಬು, ಸ್ನಾಯು, ನರ ಎಲ್ಲವನ್ನೂ ಪಟಪಟ ಹೇಳುತ್ತಾರೆ. ಸೊಂಟದ ಆಪರೇಷನ್ ಆದ 80 ವರ್ಷದ ಅಜ್ಜಿಯ ಮಂಚದ ಪಕ್ಕ ನಿಲ್ಲಿಸಿದರೆ ಮಾತೇ ಹೊರಡುವುದಿಲ್ಲ. ಮೊದಲು ತನ್ನ ಹೆಸರು ಹೇಳಬೇಕು, ತಾನು ವಿದ್ಯಾರ್ಥಿ ಅಂತ ಹೇಳಬೇಕು, ಮುಟ್ಟಬಹುದಾ ಅಂತ ಕೇಳಬೇಕು. ಅಜ್ಜಿ ಬೇಡ ಅಂದರೆ ಬೇಡ. ಆಮೇಲೆ ಮನೆ ವಿಷಯ: ಬಾಗಿಲ ಮುಂದೆ ಎಷ್ಟು ಮೆಟ್ಟಿಲು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ, ಅಂಗಡಿಗೆ ಯಾರು ಹೋಗುತ್ತಾರೆ. ಇಷ್ಟೂ ತಿಳಿದ ಮೇಲೆ ಕಾಲು ನೋಡುವುದು. ಮಗ ಪಕ್ಕದಲ್ಲೇ ನಿಂತಿದ್ದರೂ ಅಜ್ಜಿಯನ್ನೇ ನೋಡಿ ಮಾತಾಡಬೇಕು. ನಮ್ಮ ಕಡೆ ಮಗನನ್ನು ಹೊರಗೆ ಕರೆದು ಹೇಳುವ ರೂಢಿ, ಅದು ಇಲ್ಲಿ ನಡೆಯುವುದಿಲ್ಲ. ಪರೀಕ್ಷೆಯೂ ಹೀಗೇ ಇರುತ್ತದೆ. ರೋಗಿಯಂತೆ ನಟಿಸುವವರೊಬ್ಬರನ್ನು ಕೂರಿಸುತ್ತಾರೆ, ಕೆಲವೇ ನಿಮಿಷ ಕೊಡುತ್ತಾರೆ, ಬೆಲ್ ಹೊಡೆದರೆ ಮುಂದಿನ ಕೋಣೆ.

ಇದಕ್ಕೆ ಈಗಿನಿಂದಲೇ ತಯಾರಾಗಬಹುದು. ನಿಮ್ಮ ಏರಿಯಾದ ವೃದ್ಧಾಶ್ರಮದಲ್ಲಿ ಕೇಳಿಕೊಂಡು ವಾರಕ್ಕೆ ಒಂದು ದಿನ ಹೋಗು. ಅವರ ಪಕ್ಕ ಕೂತು ಮಾತಾಡು, ಊಟ ಮಾಡಿಸು. ಅದು ನಿನಗೆ ಹಿಡಿಸುತ್ತದಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ದುಡ್ಡಿನ ವಿಷಯ. ವೀಸಾಗೆ ಒಂದು ವರ್ಷದ ಜೀವನ ಖರ್ಚು ಅಂತ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು ಎಂಬ ನಿಯಮ 2024ರಲ್ಲಿ ಬಂತು. ಫೀಸು, ಟಿಕೆಟ್ ಬೇರೆ. ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಪೋಸ್ಟಿಂಗ್ ಇದ್ದಾಗ ಅಷ್ಟೂ ಆಗುವುದಿಲ್ಲ. ದಿನವಿಡೀ ವಾರ್ಡಿನಲ್ಲಿ ನಿಲ್ಲಬೇಕು, ಅದಕ್ಕೆ ಸಂಬಳವಿಲ್ಲ. ನರ್ಸಿಂಗ್‌ನಲ್ಲಿ ಹಾಗೆ ಕನಿಷ್ಠ 800 ಗಂಟೆ ಮಾಡಲೇಬೇಕು. ಪಾರ್ಟ್‌ಟೈಮ್ ಸಂಪಾದನೆಯಿಂದ ಫೀಸು ಕಟ್ಟುತ್ತೇನೆ ಅನ್ನುವ ಲೆಕ್ಕ ಬಿಟ್ಟುಬಿಡು. ಕೆಲಸ ಮಾಡುವುದಾದರೆ ವೃದ್ಧರ ಆರೈಕೆ ಮಾಡುವ ಮನೆಗಳಲ್ಲಿ ಮಾಡು. ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ ಕೆಲಸ. ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡ. ಅಲ್ಲಿ ಕೆಲಸ ಮಾಡಿ ಬಂದ ಹುಡುಗ ಹುಡುಗಿಯರನ್ನು ನನ್ನ ವಾರ್ಡಿನಲ್ಲಿ ನೋಡಿದ ಕೂಡಲೇ ಗುರುತಿಸುತ್ತೇನೆ. ಅವರ ಕೈಯಲ್ಲಿ ಅಂಜಿಕೆ ಇರುವುದಿಲ್ಲ.

ಹೊರಡುವ ಮುಂಚೆ ಚಿಕ್ಕಂದಿನ ಲಸಿಕೆ ಪುಸ್ತಕ ಹುಡುಕಿಸು. ಪೋಸ್ಟಿಂಗ್‌ಗೆ ಮೊದಲು ಹೆಪಟೈಟಿಸ್ ಬಿ, ದಡಾರ, ಚಿಕನ್‌ಪಾಕ್ಸ್‌ನ ದಾಖಲೆ ಕೇಳುತ್ತಾರೆ. ಹೆಪಟೈಟಿಸ್ ಬಿ ಮೂರು ಡೋಸ್ ಆಗಿದ್ದರೂ ರಕ್ತದಲ್ಲಿ ಪ್ರತಿಕಾಯ ಇದೆ ಅನ್ನುವ ರಿಪೋರ್ಟ್ ಬೇಕು. ನಾವು ಭಾರತದಲ್ಲಿ ಹುಟ್ಟಿದವರಾದ್ದರಿಂದ ಟಿಬಿ ತಪಾಸಣೆ ಸಾಮಾನ್ಯವಾಗಿ ಇರುತ್ತದೆ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದ ಚರ್ಮದ ಟೆಸ್ಟ್ ಪಾಸಿಟಿವ್ ಬರಬಹುದು, ಗಾಬರಿಯಾಗಬೇಡ. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡ ಬರುವುದಿಲ್ಲ, ಅದನ್ನು ಮಾಡಿಸಿ ಅಂತ ಕೇಳು. ಹಲ್ಲು, ಕನ್ನಡಕದ ಕೆಲಸ ಅಲ್ಲೇ ಮುಗಿಸಿಕೋ. ವಿದ್ಯಾರ್ಥಿಗಳ ಕಡ್ಡಾಯ ವಿಮೆಯಲ್ಲಿ ಅವು ಸಾಮಾನ್ಯವಾಗಿ ಸೇರುವುದಿಲ್ಲ.

ಫೀಸು ಕಟ್ಟುವ ಮುಂಚೆ ಏಜೆಂಟ್ ಮೂಲಕ ಅಲ್ಲ, ನೀನೇ ವಿಶ್ವವಿದ್ಯಾಲಯಕ್ಕೆ ಮೇಲ್ ಬರಿ. ಈ ಕೋರ್ಸ್ ಮುಗಿದರೆ ಯಾವ ವೃತ್ತಿಯ ನೋಂದಣಿಗೆ ಅರ್ಹತೆ ಸಿಗುತ್ತದೆ? ಒಂದು ವರ್ಷದ ನಂತರ ಫಿಸಿಯೊ ಅಥವಾ ನರ್ಸಿಂಗ್‌ಗೆ ಬದಲಾಯಿಸಲು ಹೊರದೇಶದವರಿಗೆ ಸೀಟು ಇದೆಯಾ, ಎಷ್ಟು ಮಾರ್ಕ್ಸ್ ಬೇಕು? ಈ ಎರಡೇ ಪ್ರಶ್ನೆ. ಉತ್ತರ ಬಂದ ಮೇಲೆ ನನಗೂ ಕಳಿಸು. ಒಂದು ಭಾನುವಾರ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಫೋನ್ ಮಾಡು, ಸಾಲು ಸಾಲಾಗಿ ಓದೋಣ.