ಕಾಸ್ಮಿಕ್ ಕಿರಣ: ಬಂದ ದಿಕ್ಕು ಬೇರೆ, ಹುಟ್ಟಿದ ಜಾಗ ಬೇರೆ

ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬಂದು ಭೂಮಿಗೆ ಬಡಿಯುವ ಅತಿ ವೇಗದ ಕಣಗಳು. ಇವುಗಳ ಬಗ್ಗೆ ಏನು ಬರೆದರೂ ಓದುಗರಿಂದ ಅದೇ ನಾಲ್ಕು ಪ್ರಶ್ನೆಗಳು ತಿರುಗಿ ಬರುತ್ತವೆ. ಅಆಇಈಯಿಂದ ಶುರು ಮಾಡುವುದಿಲ್ಲ. ನೇರವಾಗಿ ಉತ್ತರಕ್ಕೆ ಬರುತ್ತೇನೆ.

ಇವೆಲ್ಲ ಸೂರ್ಯನಿಂದಲೇ ಬರೋದು ಅಲ್ವಾ?

ಅಲ್ಲ. ನಾನು ಇಲ್ಲಿ ಹೇಳುವ ಅತಿ ಶಕ್ತಿಯ ಕಣಗಳ ಶಕ್ತಿಯಲ್ಲಿ ನೂರು ಕೋಟಿಯಲ್ಲೊಂದು ಪಾಲನ್ನು ಕೊಡುವುದೂ ಸೂರ್ಯನ ಕೈಲಾಗದು.

"ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣ ಬರುತ್ತೆ, ಮೊಬೈಲ್ ಆಫ್ ಮಾಡಿ" ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಶುದ್ಧ ಸುಳ್ಳು. ವರ್ಷಗಟ್ಟಲೆಯಿಂದ ಇದೇ ಮೆಸೇಜ್ ಓಡಾಡುತ್ತಿದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ಮ್ಯೂಆನ್ ಕಣಗಳು ಸಮುದ್ರ ಮಟ್ಟದಲ್ಲೂ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತಲೇ ಇರುತ್ತವೆ. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಈ ಸಾಲು ಓದುವಷ್ಟರಲ್ಲಿ ನಿಮ್ಮ ಅಂಗೈಯನ್ನು ಹಲವು ದಾಟಿ ಹೋಗಿವೆ.

ನನಗೆ ಕೋಪ ಬರುವುದು ಈ ಭಯವನ್ನೇ ಬಂಡವಾಳ ಮಾಡಿಕೊಂಡು ಪೆಂಡೆಂಟ್, ಬ್ರೇಸ್ಲೆಟ್ ಮಾರುವವರ ಮೇಲೆ. ವಿಕಿರಣದಿಂದ ಕಾಪಾಡುತ್ತದೆ ಎಂದು ಮಾರಾಟವಾಗುತ್ತಿದ್ದ ಇಂಥ 10 ವಸ್ತುಗಳು ತಾವೇ ವಿಕಿರಣ ಸೂಸುತ್ತಿದ್ದವು. 2021ರಲ್ಲಿ ನೆದರ್ಲೆಂಡ್ಸ್‌ನ ವಿಕಿರಣ ಸುರಕ್ಷತಾ ಸಂಸ್ಥೆ ಅದನ್ನು ಪತ್ತೆ ಮಾಡಿತು. ನೀವು ಅಂಥದ್ದನ್ನು ಹಾಕಿಕೊಂಡಿದ್ದರೆ ಇವತ್ತೇ ತೆಗೆಯಿರಿ.

2021ರಲ್ಲಿ ಸಿಕ್ಕ 'ಅಮಟೆರಾಸು' ಕಣ ಖಾಲಿ ಆಕಾಶದ ಕಡೆಯಿಂದ ಬಂತಂತೆ. ಅಲ್ಲಿ ಏನೂ ಇಲ್ಲ ಅಂದಮೇಲೆ ಬೇರೆ ಬ್ರಹ್ಮಾಂಡದಿಂದಲೇ ಬಂದಿರಬೇಕಲ್ಲ?

ಇದಕ್ಕೆ ಮಾತ್ರ ಸಾವಧಾನವಾಗಿ ಉತ್ತರಿಸುತ್ತೇನೆ. ತಪ್ಪು ಎಲ್ಲಿ ನುಸುಳುತ್ತದೆ ಅನ್ನುವುದು ಮುಖ್ಯ.

2021ರ ಮೇ 27ರಂದು ಅಮೆರಿಕದ ಯೂಟಾದಲ್ಲಿರುವ 'ಟೆಲಿಸ್ಕೋಪ್ ಅರೇ' ಎಂಬ ಕಾಸ್ಮಿಕ್ ಕಿರಣ ವೀಕ್ಷಣಾಲಯ ಈ ಕಣವನ್ನು ಹಿಡಿಯಿತು. ಶಕ್ತಿ 244ರ ಮುಂದೆ 18 ಸೊನ್ನೆಯಷ್ಟು ಎಲೆಕ್ಟ್ರಾನ್ ವೋಲ್ಟ್. ಒಂದು ಕಿಲೋ ತೂಕವನ್ನು ನೆಲದಿಂದ 4 ಮೀಟರ್ ಎತ್ತಲು ಬೇಕಾಗುವಷ್ಟು ಶಕ್ತಿ ಒಂದೇ ಒಂದು ಕಣದಲ್ಲಿ! ಇಂಥವು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೆ ಒಂದು ಬಂದರೆ ಹೆಚ್ಚು. ಅದಕ್ಕೇ ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 3,000 ಚದರ ಕಿಲೋಮೀಟರಿನಲ್ಲಿ ಹರಡಿಕೊಂಡಿದೆ.

ಅಲ್ಲಿ ನೀರಿನ ಟ್ಯಾಂಕ್‌ಗಳಿವೆ, 1,600ಕ್ಕೂ ಜಾಸ್ತಿ. ಒಂದೊಂದರಲ್ಲೂ 12,000 ಲೀಟರ್ ಶುದ್ಧ ನೀರು. ಒಳಗೆ ಕಗ್ಗತ್ತಲು. ಮೇಲೆ ಗಾಳಿಗೆ ಬಡಿದ ಕಣ ಕೋಟಿಗಟ್ಟಲೆ ಮರಿಕಣಗಳಾಗಿ ಒಡೆದು, ಅಗಲವಾದ ತಟ್ಟೆಯಂತೆ ಇಳಿಯುತ್ತದೆ. ಮರಿಕಣಗಳು ನೀರನ್ನು ಹಾದಾಗ ಆ ಕತ್ತಲಲ್ಲಿ ಸಣ್ಣ ನೀಲಿ ಬೆಳಕು ಮಿಂಚುತ್ತದೆ. ಯಾವ ಟ್ಯಾಂಕ್ ಮೊದಲು ಮಿಂಚಿತು, ಪಕ್ಕದ್ದು ಎಷ್ಟು ತಡವಾಗಿ ಮಿಂಚಿತು ಎಂದು ನೋಡಿದರೆ ತಟ್ಟೆ ಎಷ್ಟು ವಾಲಿತ್ತು ಅಂತ ಗೊತ್ತಾಗುತ್ತದೆ. ಹೀಗೆ ಬಂದ ದಿಕ್ಕನ್ನು ಚೆನ್ನಾಗಿಯೇ ಅಳೆಯಬಹುದು. ಅದರಲ್ಲಿ ಅನುಮಾನವಿಲ್ಲ.

ಆದರೆ ಅದು ಕೊನೆಯ ತಿರುವಿನ ದಿಕ್ಕು, ಅಷ್ಟೇ. ಕಣಕ್ಕೆ ಚಾರ್ಜ್ ಇದೆ. ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅದನ್ನು ಬಾಗಿಸುತ್ತಲೇ ಇರುತ್ತವೆ. ಇಷ್ಟು ಶಕ್ತಿಯ ಪ್ರೋಟಾನ್ ಆದರೆ ಸ್ವಲ್ಪವೇ ಬಾಗುತ್ತದೆ. ಕಬ್ಬಿಣದ ನ್ಯೂಕ್ಲಿಯಸ್‌ನಲ್ಲಿ 26 ಪ್ರೋಟಾನ್‌ಗಳಿವೆ, ಹಾಗಾಗಿ ಬಾಗುವುದೂ 26 ಪಟ್ಟು. ಬಂದದ್ದು ಯಾವುದು ಎಂದು ಒಂದೇ ಕಣದಿಂದ ಹೇಳಲಾಗದು. ಹಾಗಿರುವಾಗ ಸುಮ್ನೆ ನೇರ ಗೆರೆ ಎಳೆದು "ಅಲ್ಲಿ ಏನೂ ಇಲ್ಲ" ಅಂದರೆ ಹೇಗೆ?

ಬೇರೆ ಬ್ರಹ್ಮಾಂಡದ ಮಾತಂತೂ ಬೇಡವೇ ಬೇಡ. ಇಷ್ಟು ಶಕ್ತಿಯ ಕಣ ಬಹಳ ದೂರದಿಂದ ಬರಲಾರದು. ಆಕಾಶದ ತುಂಬ ಇರುವ ಮಹಾಸ್ಫೋಟದ ಉಳಿಕೆ ಬೆಳಕಿಗೆ ಡಿಕ್ಕಿ ಹೊಡೆಯುತ್ತ ಅದು ಶಕ್ತಿ ಕಳೆದುಕೊಳ್ಳುತ್ತದೆ. ಗ್ರೈಸನ್, ಝಟ್ಸೆಪಿನ್, ಕುಝ್ಮಿನ್ ಎಂಬ ಭೌತವಿಜ್ಞಾನಿಗಳು ಇದನ್ನು 1966ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮೂಲ ಏನಿದ್ದರೂ ಕೆಲವು ಕೋಟಿ ಜ್ಯೋತಿರ್ವರ್ಷಗಳ ಒಳಗೇ ಇರಬೇಕು.

ನಾನು ಯಾಕೆ ಇಷ್ಟು ಹಿಂಜರಿಯುತ್ತೇನೆ? 2007ರಲ್ಲಿ ಓಜೆ ತಂಡದವರ ಬಳಿ ಅತಿ ಶಕ್ತಿಯ 27 ಕಣಗಳಿದ್ದವು. ಅದರಲ್ಲಿ 20 ಕಣಗಳ ದಿಕ್ಕು ಹತ್ತಿರದ ಸಕ್ರಿಯ ಗ್ಯಾಲಕ್ಸಿಗಳ (ನಡುವಿನ ದೈತ್ಯ ಕಪ್ಪುಕುಳಿ ಸುತ್ತಲಿನದನ್ನು ನುಂಗುತ್ತ ಪ್ರಖರವಾಗಿ ಬೆಳಗುವ ಗ್ಯಾಲಕ್ಸಿಗಳ) ಜೊತೆ ಹೊಂದಿತ್ತು. ಒಗಟು ಬಿಡಿಸಿಯೇಬಿಟ್ಟೆವು ಅನ್ನುವಂತಿತ್ತು. 2010ರ ಹೊತ್ತಿಗೆ ಕಣಗಳ ಲೆಕ್ಕ 69ಕ್ಕೆ ಏರಿತು, ಹೊಂದಾಣಿಕೆ ಶೇಕಡಾ 38ಕ್ಕೆ ಇಳಿಯಿತು. ಯಾರೂ ಮೋಸ ಮಾಡಿರಲಿಲ್ಲ. ಕಣಗಳೇ ಸಾಲದಾಗಿದ್ದವು. 27 ಕಣಕ್ಕೇ ಈ ಗತಿಯಾದರೆ ಒಂದು ಕಣವನ್ನು ನಂಬಿ ಏನು ಹೇಳುವುದು?

ಗುಂಪಾಗಿ ನೋಡಿದಾಗಲೇ ಗಟ್ಟಿ ಮಾತು ಸಿಕ್ಕಿದ್ದು. 2017ರಲ್ಲಿ ಅದೇ ತಂಡ 30,000ಕ್ಕೂ ಹೆಚ್ಚು ಕಣಗಳನ್ನು ಒಟ್ಟಿಗೆ ನೋಡಿತು. ಆಕಾಶದ ಒಂದು ಕಡೆಯಿಂದ ತುಸು ಜಾಸ್ತಿ ಬರುತ್ತಿದ್ದವು. ಆ ಕಡೆ ನಮ್ಮ ಗ್ಯಾಲಕ್ಸಿಯ ನಡುಭಾಗದಿಂದ ಸುಮಾರು 125 ಡಿಗ್ರಿ ಆಚೆಗಿದೆ. ನಮ್ಮ ಗ್ಯಾಲಕ್ಸಿಯಲ್ಲೇ ಹುಟ್ಟಿದ್ದರೆ ನಡುಭಾಗದ ಕಡೆಯಿಂದಲೇ ಜಾಸ್ತಿ ಬರಬೇಕಿತ್ತು. ಅಂದರೆ ಇವು ನಮ್ಮ ಗ್ಯಾಲಕ್ಸಿಯ ಹೊರಗಿನವು. ಮೂಲದ ಹೆಸರು ಸಿಕ್ಕಿಲ್ಲ, ನಿಜ. ಆದರೂ ಈ ಒಂದು ಸಾಲಿಗಾಗಿ 12 ವರ್ಷಕ್ಕೂ ಹೆಚ್ಚಿನ ದತ್ತಾಂಶ ಬೇಕಾಯಿತು. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಗೌರವ.

2017ರಲ್ಲಿ ನ್ಯೂಟ್ರಿನೊ ಒಂದು ಬ್ಲೇಜರ್‌ನತ್ತ ಬೆರಳು ತೋರಿಸಿತಲ್ಲ, ಅಲ್ಲಿಗೆ ಮೂಲದ ಹುಡುಕಾಟ ಮುಗೀತಲ್ವಾ?

ಇಲ್ಲ. ಬ್ಲೇಜರ್ ಅಂದರೆ ನಡುವಿನ ದೈತ್ಯ ಕಪ್ಪುಕುಳಿಯಿಂದ ಹೊಮ್ಮುವ ಕಣಗಳ ಧಾರೆ ನಮ್ಮತ್ತಲೇ ಮುಖ ಮಾಡಿರುವ ಗ್ಯಾಲಕ್ಸಿ. ನ್ಯೂಟ್ರಿನೊ ಎಂಬ ಅತಿ ಹಗುರ ಕಣಕ್ಕೆ ಚಾರ್ಜ್ ಇಲ್ಲ, ಬಾಗುವುದಿಲ್ಲ, ಆದ್ದರಿಂದ ಅದರ ಮಾತಿಗೆ ತೂಕ ಇದೆ. ಆದರೆ ದಕ್ಷಿಣ ಧ್ರುವದ ಐಸ್‌ಕ್ಯೂಬ್ ವೀಕ್ಷಣಾಲಯ ಹಿಡಿದ ಆ ನ್ಯೂಟ್ರಿನೊವನ್ನು ಹುಟ್ಟಿಸಿದ ಪ್ರೋಟಾನ್‌ನ ಶಕ್ತಿ, ಅಮಟೆರಾಸು ಮುಂದೆ ಹತ್ತು ಸಾವಿರದಲ್ಲೊಂದು ಪಾಲೂ ಅಲ್ಲ. ಈಗ ಓಜೆ ಟ್ಯಾಂಕ್‌ಗಳ ಮೇಲೆ ಹೊಸ ಫಲಕ, ಆಂಟೆನಾ ಕೂರಿಸಿದ್ದಾರೆ. ಬಂದದ್ದು ಪ್ರೋಟಾನೋ ಭಾರದ ನ್ಯೂಕ್ಲಿಯಸ್ಸೋ ಎಂದು ಬೇರ್ಪಡಿಸುವುದೇ ಅವುಗಳ ಕೆಲಸ. ನಾನು ಕಾಯುತ್ತಿರುವುದು ಆ ಲೆಕ್ಕಕ್ಕೆ.