ಅಮೆರಿಕದ ಶಾಲೆಯವರು ಮಗನಿಗೆ ಐಇಪಿ (ಆ ಮಗುವಿಗೆಂದೇ ಬರೆಯುವ ವಿಶೇಷ ಶಿಕ್ಷಣದ ಯೋಜನೆ) ಮಾಡುತ್ತಾರಂತೆ. ಇದು ಅವರ ಉಪಕಾರವೋ, ನಮ್ಮ ಹಕ್ಕೋ?

ಹಕ್ಕು. ಅದರಲ್ಲಿ ಅನುಮಾನವೇ ಬೇಡ.

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು: ಬೆಂಗಳೂರಿನಿಂದ ಬಂದು ಕೆಲವೇ ತಿಂಗಳಾಗಿದೆ, ಮಗನಿಗೆ ಆರು ವರ್ಷ, ಆಟಿಸಂ ಇದೆ. ಶಾಲೆಯವರು ಮೀಟಿಂಗಿಗೆ ಕರೆದು ಒಂದಷ್ಟು ಕಾಗದ ಮುಂದಿಟ್ಟಿದ್ದಾರೆ. ‘ವೀಸಾ ಮೇಲೆ ಬಂದವರು ನಾವು, ಜಾಸ್ತಿ ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂಬ ಅಳುಕು. ಜೊತೆಗೆ, ಈ ಕಾನೂನು ಎಲ್ಲಿಂದ ಬಂತು, ನಮ್ಮ ದೇಶದಲ್ಲಿ ಇಂಥದ್ದು ಇದೆಯೇ ಎಂದೂ ಕೇಳಿದ್ದೀರಿ. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಮಗಳೂ ಐಇಪಿಯಲ್ಲೇ ಓದುತ್ತಿರುವುದರಿಂದ ಆ ಮೇಜಿನ ಸುತ್ತ ಕೂತು ನನಗೆ ಅಭ್ಯಾಸವಿದೆ. ಅಲ್ಲಿ ಇಡುವ ಕಾಗದಗಳಲ್ಲಿ ಬಹಳಷ್ಟರ ಹಿಂದೆ ಯಾರೋ ತಂದೆತಾಯಿ ಹೂಡಿದ ಮೊಕದ್ದಮೆ ಇದೆ.

ಮೊದಲು ನಿಮ್ಮ ಸಹಿಯ ವಿಷಯ. 1970ರ ಹೊತ್ತಿಗೆ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನಲ್ಲೇ, ಐದು ವರ್ಷದ ಮಗುವಿನಷ್ಟು ಬುದ್ಧಿ ಬೆಳೆಯದವರನ್ನು ಶಾಲೆಗೆ ಸೇರಿಸಿಕೊಳ್ಳದಿರಲು ಅವಕಾಶವಿತ್ತು. ಅಂಥ ಮಕ್ಕಳು ಮನೆಯಲ್ಲಿರಬೇಕು, ಇಲ್ಲವೇ ಪೆನ್‌ಹರ್ಸ್ಟ್‌ನಂಥ ಸರ್ಕಾರಿ ಆಶ್ರಯಕ್ಕೆ ಹೋಗಬೇಕು. ಅಲ್ಲಿನ ಸ್ಥಿತಿ ಎಷ್ಟು ಹೀನವಾಗಿತ್ತು ಎಂಬುದನ್ನು 1968ರಲ್ಲಿ ಟಿವಿ ವರದಿಯೊಂದು ಜನರಿಗೆ ತೋರಿಸಿತು. ಬೌದ್ಧಿಕ ಅಂಗವೈಕಲ್ಯವಿದ್ದ ಮಕ್ಕಳ ಪೋಷಕರ ಸಂಘ 1971ರಲ್ಲಿ ರಾಜ್ಯದ ಮೇಲೆಯೇ ದಾವೆ ಹೂಡಿತು. ಅವರ ವಕೀಲ ಥಾಮಸ್ ಗಿಲ್‌ಹೂಲ್, ಅವರ ತಮ್ಮನೂ ಪೆನ್‌ಹರ್ಸ್ಟ್‌ನಲ್ಲಿದ್ದವನೇ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿಡುವುದು ತಪ್ಪು ಎಂದ 1954ರ ಬ್ರೌನ್ ತೀರ್ಪಿನ ತರ್ಕವನ್ನೇ ಗಿಲ್‌ಹೂಲ್ ಹಿಡಿದರು: ರಾಜ್ಯ ಶಿಕ್ಷಣ ಕೊಡುತ್ತದೆ ಅಂದಮೇಲೆ ಎಲ್ಲರಿಗೂ ಕೊಡಬೇಕು. ರಾಜ್ಯ ಹೆಚ್ಚು ಕಾದಾಡದೆ ಒಪ್ಪಂದಕ್ಕೆ ಬಂತು. ಮಗುವಿನ ಶಾಲಾ ವ್ಯವಸ್ಥೆ ಬದಲಿಸುವ ಮುಂಚೆ ಪೋಷಕರಿಗೆ ನೋಟಿಸ್ ಕೊಡಬೇಕು, ಅವರು ಒಪ್ಪದಿದ್ದರೆ ವಿಚಾರಣೆ ನಡೆಯಬೇಕು ಎಂಬುದೂ ಆ ಒಪ್ಪಂದದಲ್ಲಿತ್ತು. ಇವತ್ತು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಶಾಲೆ ಮೊದಲ ಪರೀಕ್ಷೆಯನ್ನೂ ಮಾಡುವಂತಿಲ್ಲ, ಮೊದಲ ಸಲ ಸೇವೆಯನ್ನೂ ಶುರುಮಾಡುವಂತಿಲ್ಲ.

ಇನ್ನೊಂದು ಮಾತು ನೀವು ಖಂಡಿತ ಕೇಳುತ್ತೀರಿ: ‘ಬಜೆಟ್ ಇಲ್ಲ, ಸಿಬ್ಬಂದಿ ಇಲ್ಲ.’ ನಮ್ಮ ಹಳೆಯ ಶಾಲೆಯಲ್ಲಿ ಸ್ಪೀಚ್ ಥೆರಪಿಯ ಬಗ್ಗೆ ಇದನ್ನೇ ಹೇಳಿದ್ದರು. ವಾಷಿಂಗ್ಟನ್ ನಗರದ ಶಿಕ್ಷಣ ಮಂಡಳಿ 1972ರಲ್ಲೇ ಈ ವಾದ ಮಾಡಿ ಸೋತಿದೆ. ತುಂಟತನದ ನೆಪದಲ್ಲಿ ಹೊರಹಾಕಿದ್ದ ಪೀಟರ್ ಮಿಲ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಮತ್ತು ಇತರ ಮಕ್ಕಳ ಪರವಾಗಿ ಬಂದ ಆ ಕೇಸಿನಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿ ಹೇಳಿದ್ದರ ಸಾರಾಂಶ ಇದು: ಹಣ ಕಡಿಮೆಯಿದ್ದರೆ ಕೊರತೆ ಎಲ್ಲರಿಗೂ ಹಂಚಿಹೋಗಲಿ, ಅದರ ಹೊರೆ ಈ ಮಕ್ಕಳ ತಲೆಯ ಮೇಲೇ ಹೆಚ್ಚಾಗಿ ಬೀಳಬಾರದು. ಹಾಗಾಗಿ ಯಾರಾದರೂ ಮೀಟಿಂಗಿನಲ್ಲಿ ‘ಆಗಲ್ಲ’ ಅಂದರೆ ಜಗಳಕ್ಕೆ ಹೋಗಬೇಡಿ. ‘ಕಾರಣ ಬರೆದು ಕೊಡಿ’ ಅನ್ನಿ. ನಿರಾಕರಣೆಯನ್ನು ಬರೆದೇ ತಿಳಿಸಬೇಕೆಂಬುದು ಕಾನೂನು. ಬಾಯಲ್ಲಿ ಸಲೀಸಾಗಿ ಬರುವ ‘ಬಜೆಟ್ ಇಲ್ಲ’ ಕಾಗದದ ಮೇಲೆ ಅಷ್ಟು ಸಲೀಸಾಗಿ ಇಳಿಯುವುದಿಲ್ಲ.

ಇಂಥ ಕೇಸುಗಳು ಬೇರೆ ರಾಜ್ಯಗಳಲ್ಲೂ ಬರತೊಡಗಿದ ಮೇಲೆ ಅಮೆರಿಕದ ಸಂಸತ್ತು ಲೆಕ್ಕ ಹಾಕಿತು: ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳು, ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣವಿಲ್ಲ, 10 ಲಕ್ಷ ಮಕ್ಕಳು ಶಾಲಾ ವ್ಯವಸ್ಥೆಯಿಂದಲೇ ಹೊರಗೆ. 1975ರ ನವೆಂಬರ್ 29ರಂದು, ಈ ಮಕ್ಕಳಿಗೆಲ್ಲ ತಕ್ಕ ಶಿಕ್ಷಣ ಕೊಡಬೇಕೆಂಬ ಮಸೂದೆಗೆ ಅಧ್ಯಕ್ಷ ಫೋರ್ಡ್ ಅಂಕಿತ ಹಾಕಿದರು. ಕೊಡಲಾಗದಷ್ಟನ್ನು ಕೊಡುತ್ತೇವೆಂದು ಹೇಳುತ್ತಿದ್ದೇವೆ ಎಂಬ ಗೊಣಗಾಟವೂ ಅವರದ್ದಿತ್ತು. ಗೊಣಗಿದ್ದು ಸುಳ್ಳಾಗಲಿಲ್ಲ ಅನ್ನಿ. ಒಂದು ಮಗುವಿಗೆ ತಗಲುವ ಸರಾಸರಿ ವೆಚ್ಚದ 40% ಅನ್ನು ಕೇಂದ್ರ ಭರಿಸುತ್ತದೆ ಎಂದಿದ್ದ ಗುರಿಯನ್ನು ಇದುವರೆಗೂ ಮುಟ್ಟಿಲ್ಲ. ನಿಮ್ಮ ಶಾಲೆಯವರ ಗೋಳಾಟಕ್ಕೆ ಅದೂ ಒಂದು ಕಾರಣ. ಈ ಕಾನೂನಿಗೆ 1990ರಲ್ಲಿ ‘ಐಡಿಇಎ’ ಎಂಬ ಹೆಸರು ಬಂತು. ಆಟಿಸಂ ಪ್ರತ್ಯೇಕ ವರ್ಗವಾಗಿ ಅದರೊಳಗೆ ಸೇರಿದ್ದೂ ಆಗಲೇ.

ನಮ್ಮಂಥ ಮನೆಗಳಿಗೆ ಬೇಕಾದ ಇನ್ನೊಂದು ಕೇಸು ಕ್ಯಾಲಿಫೋರ್ನಿಯಾದ್ದು, 1970ರ ಡಯಾನಾ ಪ್ರಕರಣ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಪರೀಕ್ಷೆ ಕೊಟ್ಟು, ಬುದ್ಧಿಮಾಂದ್ಯರೆಂದು ಬೇರೆ ತರಗತಿಗೆ ತಳ್ಳಿದ್ದರು. ಮಗುವಿನ ಮನೆಮಾತಿನಲ್ಲೇ ಪರೀಕ್ಷಿಸಬೇಕು ಎಂಬ ನಿಯಮದ ಬೇರು ಅಲ್ಲಿದೆ. ನಿಮ್ಮ ಹುಡುಗನಿಗೆ ಕನ್ನಡವೇ ಮೊದಲ ಭಾಷೆಯಾದರೆ ಹಾಗೆಂದು ಅರ್ಜಿಯಲ್ಲಿ ಬರೆಯಿರಿ. ನಮ್ಮವರು ಬಹಳ ಜನ ಮುಜುಗರದಿಂದ ‘ಇಂಗ್ಲಿಷ್’ ಅಂತ ತುಂಬಿಬಿಡುತ್ತಾರೆ. ಮೀಟಿಂಗಿಗೆ ನಿಮಗೆ ದುಭಾಷಿ ಬೇಕಿದ್ದರೂ ಶಾಲೆಯೇ ಒದಗಿಸಬೇಕು.

ಇಷ್ಟೆಲ್ಲ ಬರೀ ಕೋರ್ಟಿನಲ್ಲಿ ಆದದ್ದಲ್ಲ. ಜೂಡಿ ಹ್ಯೂಮನ್ ಎಂಬವರ ಹೆಸರು ಕೇಳಿರಬಹುದು. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಐದು ವರ್ಷದ ಹುಡುಗಿಯನ್ನು ಬ್ರೂಕ್ಲಿನ್‌ನ ಶಾಲೆ ‘ಬೆಂಕಿ ಬಿದ್ದರೆ ಅಪಾಯ’ ಎಂದು ವಾಪಸ್ ಕಳಿಸಿತ್ತು. ದೊಡ್ಡವಳಾಗಿ ಶಿಕ್ಷಕಿಯ ಲೈಸೆನ್ಸ್ ಕೇಳಿದಾಗಲೂ ಬೆಂಕಿಯದೇ ನೆಪ. ಆಕೆ ಕೋರ್ಟಿಗೆ ಹೋಗಿ ಲೈಸೆನ್ಸ್ ಪಡೆದರು. ಸರ್ಕಾರಿ ದುಡ್ಡು ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಬಾರದು ಎಂಬ 504ನೇ ಸೆಕ್ಷನ್ 1973ರಲ್ಲೇ ಪಾಸಾಗಿದ್ದರೂ ನಿಯಮಗಳಿಗೆ ಸಹಿ ಬೀಳದೆ ಕೊಳೆಯುತ್ತಿತ್ತು. 1977ರ ಏಪ್ರಿಲ್ 5ರಂದು ಹ್ಯೂಮನ್ ಮತ್ತು ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಚೇರಿಗೆ ನುಗ್ಗಿ ಕೂತುಬಿಟ್ಟರು. ಫೋನ್ ಕತ್ತರಿಸಿದರೆ, ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನಾ ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ಕ್ಕೆ ಸಚಿವ ಕ್ಯಾಲಿಫಾನೊ ಸಹಿ ಹಾಕಿದರು. ಐಇಪಿಗೆ ಅರ್ಹರಲ್ಲದ ಮಕ್ಕಳಿಗೆ ‘504 ಪ್ಲಾನ್’ ಅಂತ ಕೊಡುತ್ತಾರಲ್ಲ, ಅದು ಇದೇ ಸೆಕ್ಷನ್.

‘ಸಹಾಯ ಅಂದರೆ ಎಷ್ಟು’ ಎಂಬ ಪ್ರಶ್ನೆ ಮಾತ್ರ ಬಹಳ ಕಾಲ ಎಳೆದಾಡಿತು. 1982ರಲ್ಲಿ ಏಮಿ ರೌಲಿ ಎಂಬ ಕಿವುಡ ಹುಡುಗಿಗೆ ಸನ್ನೆಭಾಷೆಯ ದುಭಾಷಿ ಬೇಕಿಲ್ಲ, ಅವಳು ಹೇಗೂ ಪಾಸಾಗುತ್ತಿದ್ದಾಳಲ್ಲ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 2017ರಲ್ಲಿ, ಆಟಿಸಂ ಇದ್ದ ಕೊಲರಾಡೊದ ಹುಡುಗ ಎಂಡ್ರ್ಯೂನ ಕೇಸಿನಲ್ಲಿ ಅದೇ ಕೋರ್ಟು ಒಮ್ಮತದಿಂದ ಅಳತೆಯನ್ನು ಏರಿಸಿತು: ತೋರಿಕೆಯ ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕಂತೆ ನಿಜವಾದ ಮುನ್ನಡೆ ಆಗುವಂಥ ಯೋಜನೆ ಬೇಕು. ಹೋದ ವರ್ಷದ ಗುರಿಗಳನ್ನೇ ಈ ವರ್ಷವೂ ಅಂಟಿಸಿ ಕೊಟ್ಟರೆ ಎಂಡ್ರ್ಯೂನ ಹೆಸರು ಹೇಳಿ.

ಇನ್ನು ನಮ್ಮ ದೇಶ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. 2016ರದ್ದು ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಆಟಿಸಂ ಅನ್ನೂ ಸೇರಿಸಿತು. 2021ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಹಕ್ಕು ಕಾಗದದಲ್ಲಿದೆ. ಆದರೆ ಈ ಮಗುವಿನ ಯೋಜನೆಗೆ ಈ ಪೋಷಕರ ಸಹಿ ಬೇಕು, ಒಪ್ಪದಿದ್ದರೆ ಇಂತಿಷ್ಟು ದಿನದಲ್ಲಿ ವಿಚಾರಣೆ ಆಗಬೇಕು ಎಂಬ ಬಿಗಿ ಅದರಲ್ಲಿಲ್ಲ. ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಮುಂದೆ ವಾಪಸ್ ಹೋಗುವ ಯೋಚನೆಯಿದ್ದರೆ, ಇಲ್ಲಿನ ಐಇಪಿಗೆ ಅಲ್ಲಿ ಕಾನೂನಿನ ಬಲವಿಲ್ಲ, ಅಂಗವಿಕಲರಿಗೆ ಭಾರತ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅಲ್ಲಿನ ವೈದ್ಯಕೀಯ ಪ್ರಾಧಿಕಾರದಲ್ಲೇ ತಪಾಸಣೆ ಆಗಬೇಕು. ಆದರೂ ಇಲ್ಲಿನ ಪರೀಕ್ಷಾ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಿ, ಹೊಸ ಶಾಲೆಯಲ್ಲಿ ಮಾತು ಶುರುಮಾಡಲು ಬೇಕಾಗುತ್ತದೆ.